ಅನಂತಮೂರ್ತಿ ಏಳನೆಯವರಾದದ್ದು ಹೇಗೆ?

ಕನ್ನಡಕ್ಕೆ ಜ್ಞಾನಪೀಠ ತಂದವರು ಎಂಟು ಮಂದಿ: ಕುವೆಂಪು, ದ.ರಾ. ಬೇಂದ್ರೆ, ಕೆ. ಶಿವರಾಮ ಕಾರಂತ, ಮಾಸ್ತಿ ವೆಂಕಟೇಶ ಅಯ್ಯಂಗಾರ್, ವಿ.ಕೃ. ಗೋಕಾಕ್, ಯು.ಆರ್. ಅನಂತಮೂರ್ತಿ, ಗಿರೀಶ ಕಾರ್ನಾಡ, ಚಂದ್ರಶೇಖರ ಕಂಬಾರ. ಇದು ಪ್ರಶಸ್ತಿಯ ವರ್ಷಗಳ ಕ್ರಮ, 1967ರಿಂದ 2010ರವರೆಗೆ. ಇದೇ ಎಂಟು ಹೆಸರುಗಳನ್ನು ಕಂಪ್ಯೂಟರಿಗೆ ಕೊಟ್ಟು ಅಕಾರಾದಿಯಾಗಿ ಜೋಡಿಸು ಎಂದರೆ ಕುವೆಂಪು ಮೊದಲು ಬರುತ್ತಾರೆ, ಕಾರಂತರು ಎರಡನೆಯವರು, ಆಮೇಲೆ ಕಾರ್ನಾಡ, ಕಂಬಾರ, ಬೇಂದ್ರೆ, ಮಾಸ್ತಿ. 'ಅ' ಅಕ್ಷರದ ಅನಂತಮೂರ್ತಿ ಏಳನೆಯವರು. ಗೋಕಾಕರು ಕಟ್ಟಕಡೆಗೆ.

ಯಂತ್ರವನ್ನು ಬೈದು ಪ್ರಯೋಜನವಿಲ್ಲ. ಅದು ಕಂಡದ್ದು ಸಾಲಿನ ಮೊದಲ ಅಕ್ಷರವನ್ನು. ಅನಂತಮೂರ್ತಿಯವರ ಹೆಸರಿನ ಮುಂದೆ ಉಡುಪಿಯ 'ಯು' ನಿಂತಿತ್ತು, ಗೋಕಾಕರ ಮುಂದೆ ವಿನಾಯಕನ 'ವಿ', ಬೇಂದ್ರೆಯವರ ಮುಂದೆ ದತ್ತಾತ್ರೇಯನ 'ದ'. ಹಾಗಾದರೆ ಹೆಸರಿನ ಕೊನೆಯ ಪದ ಹಿಡಿದು ಜೋಡಿಸು ಎಂದು ಹೇಳಿ ನೋಡಬಹುದು. ಅನಂತಮೂರ್ತಿ ಮೊದಲಿಗರಾಗುತ್ತಾರೆ, ಸರಿ. ಎರಡನೆಯವರು ಯಾರು? ಅಯ್ಯಂಗಾರ್. ಅಂದರೆ ಮಾಸ್ತಿ! ಕನ್ನಡದ ಆಸ್ತಿಯನ್ನು 'ಅ' ವಿಭಾಗದಲ್ಲಿ ಹುಡುಕುವ ಕನ್ನಡಿಗ ಇನ್ನೂ ಹುಟ್ಟಿಲ್ಲ. ಕುವೆಂಪು ಅವರನ್ನು ಯಾರಾದರೂ ಕೆ.ವಿ. ಪುಟ್ಟಪ್ಪ ಎಂದು ನಮೂದಿಸಿದ್ದರೆ ಅವರು 'ಪ'ಕ್ಕೆ ಹೋಗಿಬಿಡುತ್ತಾರೆ. ಇನ್ನು ಮಾಸ್ತಿಯನ್ನು ಮಾಸ್ತಿ ಎಂದೇ ಹಿಡಿದು, ಜನ ಬಲ್ಲ ಹೆಸರುಗಳನ್ನು ಇಂಗ್ಲಿಷಿನಲ್ಲಿ ಜೋಡಿಸಿ ಕನ್ನಡದಲ್ಲಿ ತೋರಿಸಿದರೆ, ವರ್ಣಮಾಲೆಯ ಪ್ರಕಾರ ಏಳನೆಯವರಾಗಬೇಕಿದ್ದ ಬೇಂದ್ರೆ 'ಬಿ' ಅಕ್ಷರದ ಪುಣ್ಯದಿಂದ ಎರಡನೆಯ ಸ್ಥಾನಕ್ಕೆ ಏರುತ್ತಾರೆ.

ಎಂಟೇ ಹೆಸರುಗಳಿಗೆ ಇಷ್ಟು ಅವಾಂತರ. ಸಾವಿರಾರು ಸದಸ್ಯರಿರುವ ಜಾಲತಾಣದ ಪಟ್ಟಿ, ಆಸ್ಪತ್ರೆಯ ವೈದ್ಯರ ಪಟ್ಟಿ, ಸಹಕಾರ ಸಂಘದ ಷೇರುದಾರರ ಪಟ್ಟಿ, ಯೋಜನೆಯ ಫಲಾನುಭವಿಗಳ ಪಟ್ಟಿ ಹೇಗಿರಬಹುದು? ಇವುಗಳಲ್ಲಿ ಹೆಚ್ಚಿನವಕ್ಕೆ ಯಾರ ಹೆಸರು ಎಲ್ಲಿ ಬರಬೇಕೆಂದು ಯಾರೂ ಕೂತು ಯೋಚಿಸಿರುವುದಿಲ್ಲ. ಸಾಫ್ಟ್‌ವೇರ್ ತನ್ನ ಪಾಡಿಗೆ ಏನು ಕೊಟ್ಟಿತೋ ಅದೇ ಕ್ರಮ. ಕೇಳಿದರೆ 'ಸಿಸ್ಟಮ್ಮೇ ಹಾಗೆ ಸಾರ್' ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಉತ್ತರ ಸುಳ್ಳು. ಸಿಸ್ಟಮ್ ಯಾವ ಕ್ರಮ ಹೇಳಿದರೂ ಕೇಳುತ್ತದೆ; ಹೇಳುವವರು ಹೇಳಿಲ್ಲ, ಅಷ್ಟೆ.

ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್ಸನ್ನೇ ತೆಗೆದುಕೊಳ್ಳಿ. ಜಗತ್ತಿನ ಜಾಲತಾಣಗಳಲ್ಲಿ ಐದರಲ್ಲಿ ಎರಡಕ್ಕಿಂತ ಹೆಚ್ಚು ಇದರ ಮೇಲೆ ನಿಂತಿವೆ. ಕನ್ನಡದ ಎಷ್ಟೋ ಸಂಘ ಸಂಸ್ಥೆಗಳ ತಾಣಗಳೂ ಇದರ ಮೇಲೆಯೇ ಇವೆ. ಬಳಕೆದಾರರ ಪಟ್ಟಿ ಕೊಡು ಎಂದು ಬರಿದೇ ಕೇಳಿದರೆ ಅದು ಲಾಗಿನ್ ಹೆಸರಿನ ಕ್ರಮದಲ್ಲಿ ಕೊಡುತ್ತದೆ. ಲಾಗಿನ್ ಹೆಸರನ್ನೋ ಅದು ಮಾಮೂಲಿಯಾಗಿ ರೋಮನ್ ಅಕ್ಷರ, ಅಂಕಿ, ಕೆಲವು ಚಿಹ್ನೆಗಳಲ್ಲಿ ಮಾತ್ರ ಒಪ್ಪುತ್ತದೆ. ಹೀಗಾಗಿ ತಾಣ ಪೂರ್ತಿ ಕನ್ನಡದ್ದು, ಸದಸ್ಯರೆಲ್ಲ ಕನ್ನಡಿಗರು, ಪರದೆಯ ಮೇಲೆ ಕಾಣುವ ಹೆಸರುಗಳೂ ಕನ್ನಡದಲ್ಲಿ. ಸಾಲು ಮಾತ್ರ ಎಂದೋ ಅವಸರದಲ್ಲಿ ಟೈಪಿಸಿದ ಇಂಗ್ಲಿಷ್ ಲಾಗಿನ್ನಿನದು. ಓದುಗನಿಗೆ ಲಾಗಿನ್ ಕಾಣುವುದೇ ಇಲ್ಲವಾದ್ದರಿಂದ ಪಟ್ಟಿಗೆ ತಲೆಬುಡ ಸಿಕ್ಕುವುದಿಲ್ಲ. ಕಾಣುವ ಹೆಸರಿನ ಪ್ರಕಾರ, ಸೇರಿದ ದಿನಾಂಕದ ಪ್ರಕಾರ, ಬರೆದ ಲೇಖನಗಳ ಸಂಖ್ಯೆಯ ಪ್ರಕಾರ, ಅಥವಾ ತಾಣದವರೇ ಸೂಚಿಸಿದ ಯಾವುದೇ ಕ್ರಮದಲ್ಲಿ ತೋರಿಸುವ ಸೌಲಭ್ಯ ಅದೇ ವರ್ಡ್‌ಪ್ರೆಸ್ಸಿನಲ್ಲಿದೆ. ಕೋಡಿನಲ್ಲಿ ಒಂದೆರಡು ಪದ ಬದಲಿಸಿದರೆ ಮುಗಿಯಿತು.

ಆದರೆ ಕಾಣುವ ಹೆಸರಿನ ಪ್ರಕಾರ ಜೋಡಿಸಿದರೂ ಕನ್ನಡದ ಕಷ್ಟ ಪೂರ್ತಿ ತೀರುವುದಿಲ್ಲ. ಇನಿಷಿಯಲ್ಲುಗಳ ಸಮಸ್ಯೆ ಇಲ್ಲಿ ಬೇರೆಯದೇ ವೇಷದಲ್ಲಿ ಬರುತ್ತದೆ. ಎಚ್.ಡಿ. ದೇವೇಗೌಡ, ಎಸ್.ಎಲ್. ಭೈರಪ್ಪ, ಎಂ.ಎಂ. ಕಲಬುರ್ಗಿ, ಎಲ್.ಎಸ್. ಶೇಷಗಿರಿರಾವ್, ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟ: ಇವರ ಹೆಸರುಗಳು ಬೇರೆ, ಊರುಗಳು ಬೇರೆ, ಇಂಗ್ಲಿಷಿನ ಇನಿಷಿಯಲ್ಲುಗಳೂ ಬೇರೆ. ಕನ್ನಡದಲ್ಲಿ ಬರೆದೊಡನೆ ಎಲ್ಲರೂ 'ಎ' ಅಕ್ಷರದಡಿ ಬಂದು ನಿಲ್ಲುತ್ತಾರೆ. ಹಳೇ ಮೈಸೂರು ಭಾಗದ ಯಾವ ಸಂಘದ ಸದಸ್ಯರ ಪಟ್ಟಿಯನ್ನು ತೆಗೆದರೂ 'ಎ'ದಲ್ಲಿ ಜಾತ್ರೆ, 'ಭ'ದಲ್ಲಿ ಬಣಬಣ. ಇದರ ಮೇಲೆ 'ಎಚ್' ಮತ್ತು 'ಹೆಚ್' ಎಂಬ ಎರಡು ಬರವಣಿಗೆ ಬೇರೆ ಇವೆಯಲ್ಲ, ಅದರಿಂದಾಗಿ ಒಬ್ಬರೇ ವ್ಯಕ್ತಿ ಒಂದು ಪಟ್ಟಿಯ ಆರಂಭದಲ್ಲೂ ಇನ್ನೊಂದು ಪಟ್ಟಿಯ ಅಂತ್ಯದಲ್ಲೂ ಸಿಗುತ್ತಾರೆ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಕೊನೆಗೆ ಬರುತ್ತದೆ, ಜನ ಅದರಿಂದಲೇ ಗುರುತಿಸುತ್ತಾರೆ. ಮೈಸೂರು ಕಡೆ ಊರು ಮತ್ತು ತಂದೆಯ ಹೆಸರು ಮುಂದೆ ಬಂದು ಇನಿಷಿಯಲ್ಲಾಗುತ್ತವೆ, ಸ್ವಂತ ಹೆಸರು ಕೊನೆಗೆ. ಎರಡೂ ಕಡೆಯವರಿರುವ ಒಂದು ರಾಜ್ಯಮಟ್ಟದ ಪಟ್ಟಿಗೆ 'ಮೊದಲ ಪದ', 'ಕೊನೆಯ ಪದ' ಎಂಬ ಯಾಂತ್ರಿಕ ನಿಯಮ ಯಾವುದೂ ಒಗ್ಗುವುದಿಲ್ಲ. ಇದಕ್ಕೆ ಪರಿಹಾರ ಒಂದೇ: ತೋರಿಸುವ ಹೆಸರಿನ ಜೊತೆಗೆ, ಜೋಡಿಸಲು ಬೇಕಾದ ಹೆಸರನ್ನು ಬೇರೆ ಅಂಕಣದಲ್ಲಿ ಇಡುವುದು. 'ಮಾಸ್ತಿ ವೆಂಕಟೇಶ ಅಯ್ಯಂಗಾರ್' ತೋರಿಸಲು, 'ಮಾಸ್ತಿ' ಜೋಡಿಸಲು. ಗ್ರಂಥಾಲಯದವರು ಕಾರ್ಡಿನ ಕಾಲದಿಂದಲೂ ಇಂಥದ್ದನ್ನೇ ಮಾಡಿಕೊಂಡು ಬಂದಿದ್ದಾರೆ.

ಹುದ್ದೆಯ ಪ್ರಕಾರ ಜೋಡಿಸುವಾಗ ಕನ್ನಡ ಒಂದು ತಮಾಷೆ ಮಾಡುತ್ತದೆ. ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ಸದಸ್ಯ: ಸಂಘದ ಅಂತಸ್ತಿನ ಕ್ರಮವೂ ಇದೇ, ಅಕಾರಾದಿಯೂ ಇದೇ! ಅ, ಉ, ಕ, ಖ, ಸ. ಇಂಗ್ಲಿಷಿನಲ್ಲಾದರೆ ಮೆಂಬರ್ ತಲೆಯ ಮೇಲೆ, ಪ್ರೆಸಿಡೆಂಟ್ ಅದರ ಕೆಳಗೆ, ವೈಸ್ ಪ್ರೆಸಿಡೆಂಟ್ ಟ್ರೆಷರರ್‌ಗಿಂತಲೂ ಕೆಳಗೆ. ಕನ್ನಡದ ಕಾಕತಾಳೀಯ ಎಷ್ಟು ದಿನ ನಡೆಯುತ್ತದೆ? ಸಂಘ ಒಬ್ಬ ಗೌರವಾಧ್ಯಕ್ಷರನ್ನು ಆರಿಸುವ ತನಕ. ಊರಿನ ಹಿರಿಯರು, ದಾನಿಗಳು, ಸಭೆಯ ನಡುಗುರ್ಚಿಯವರು ಜಾಲತಾಣದಲ್ಲಿ ಖಜಾಂಚಿಯ ಕೆಳಗೆ ಬಂದು ಕೂರುತ್ತಾರೆ. ಮರುದಿನವೇ ಕಾರ್ಯದರ್ಶಿಗೆ ಫೋನು. ತಾಣ ಮಾಡಿಕೊಟ್ಟ ಹುಡುಗನಿಗೆ ಅಂದು ಗೊತ್ತಾಗುತ್ತದೆ, ಹುದ್ದೆಗಳಿಗೆ 1, 2, 3 ಎಂದು ತಾನೇ ಕ್ರಮಸಂಖ್ಯೆ ಕೊಡಬೇಕಿತ್ತು ಎಂದು.

ಅಕಾರಾದಿ ಎಂದರೂ ಯಾವ ಅಕಾರಾದಿ ಎಂಬ ಪ್ರಶ್ನೆ ಇದೆ. ಕನ್ನಡದ ಮಗು ಕಲಿಯುವ ವರ್ಣಮಾಲೆಯಲ್ಲಿ 'ಳ' ಬರುವುದು 'ಹ' ಆದಮೇಲೆ, ಕೊನೆಗೆ. ಕಂಪ್ಯೂಟರಿನ ಒಳಗೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ಆ ಸಂಖ್ಯೆಗಳ ಸಾಲಿನಲ್ಲಿ 'ಳ' ಇರುವುದು 'ಲ' ಮತ್ತು 'ವ'ಗಳ ನಡುವೆ. ಕಾರಣ ಹಳೆಯದು. 1991ರಲ್ಲಿ, ಈ ಸಂಖ್ಯೆಗಳನ್ನು ಗೊತ್ತುಮಾಡುವ ಯೂನಿಕೋಡ್ ಮಾನಕದ ಮೊದಲ ಆವೃತ್ತಿ ಬಂದಾಗ ಭಾರತೀಯ ಲಿಪಿಗಳ ಜಾಗಗಳನ್ನು ಇಸ್ಕಿ ಎಂಬ ನಮ್ಮದೇ ಸರ್ಕಾರಿ ಮಾನಕದಿಂದ ಎತ್ತಿಕೊಂಡರು. ಇಸ್ಕಿಯಲ್ಲಿ ಎಲ್ಲ ಭಾರತೀಯ ಲಿಪಿಗಳಿಗೂ ಒಂದೇ ಚೌಕಟ್ಟು, ಚೌಕಟ್ಟಿನ ಮಾದರಿ ದೇವನಾಗರಿ. ಕನ್ನಡದ 'ಳ' ಹಾಗೆ ಸಾಲು ತಪ್ಪಿತು. ಪರಿಣಾಮವಾಗಿ ಬರೀ ಸಂಖ್ಯೆ ನೋಡಿ ಜೋಡಿಸುವ ಕೋಡು ಬಳ್ಳಾರಿಯನ್ನು ಬಸವಕಲ್ಯಾಣಕ್ಕಿಂತ ಮುಂದೆ ಇಡುತ್ತದೆ. ನಿಘಂಟು ನೋಡಿ ಬೆಳೆದವರು ಬಸವಕಲ್ಯಾಣ ಮೊದಲು ಎನ್ನುತ್ತಾರೆ. ಹಳಗನ್ನಡದ 'ೞ' ಅಕ್ಷರದ ಕತೆ ಇನ್ನೂ ಸೊಗಸು: ಯೂನಿಕೋಡಿನ ದಾಖಲೆಯಲ್ಲಿ ಅದರ ಇಂಗ್ಲಿಷ್ ಹೆಸರೇ ತಪ್ಪಾಗಿ 'ಫ' ಎಂದು ಬಿದ್ದಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲ ಎಂಬುದು ಅವರ ನಿಯಮವಾದ್ದರಿಂದ ಆ ತಪ್ಪು ಇಂದಿಗೂ ಹಾಗೇ ಇದೆ, ಪಕ್ಕದಲ್ಲಿ ಒಂದು ತಿದ್ದುಪಡಿಯ ಟಿಪ್ಪಣಿಯೊಂದಿಗೆ.

ಹೆಸರು ಉಳಿದರೂ ಜೋಡಣೆಯನ್ನು ಸರಿಪಡಿಸಿದ್ದಾರೆ. ಅಕ್ಷರದ ಸಂಖ್ಯೆ ಬೇರೆ, ಜೋಡಣೆಯ ಕ್ರಮ ಬೇರೆ ಎಂದು ಯೂನಿಕೋಡ್ ಸಂಸ್ಥೆ ಪ್ರತ್ಯೇಕ ನಿಯಮಾವಳಿ ಪ್ರಕಟಿಸಿದೆ. ಅದರಲ್ಲಿ 'ಳ' ಮರಳಿ 'ಹ' ಆದಮೇಲೆ ಬರುತ್ತದೆ. ಇಂದಿನ ಪ್ರಮುಖ ಬ್ರೌಸರುಗಳಲ್ಲಿ ಈ ನಿಯಮ ಇದೆ. ಪೋಸ್ಟ್‌ಗ್ರೆಸ್ ಎಂಬ ಜನಪ್ರಿಯ ಡೇಟಾಬೇಸಿಗೆ 2017ರಲ್ಲೇ ಬಂದಿದೆ. ಕೇಳಿದವರಿಗೆ ಸಿಗುತ್ತದೆ. ಕೇಳದಿದ್ದರೆ ಬ್ರೌಸರುಗಳ ಕೋಡು ಭಾಷೆಯಾದ ಜಾವಾಸ್ಕ್ರಿಪ್ಟಿನ ಮಾಮೂಲಿ ಜೋಡಣೆ ಬರೀ ಸಂಖ್ಯೆಗಳನ್ನೇ ನೋಡುತ್ತದೆ. (ಯೂನಿಕೋಡಿಗೆ ಮೊದಲಿನ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕಡತಗಳ ಪಾಡು ಕೇಳುವುದೇ ಬೇಡ. ಅಲ್ಲಿ ಕನ್ನಡವಾಗಿ ಕಾಣುವುದೆಲ್ಲ ಒಳಗೆ ರೋಮನ್ ಚಿಹ್ನೆಗಳು. ಅವನ್ನು ಪರಿವರ್ತಿಸದೆ ಜೋಡಿಸಲು ಹೊರಡುವುದು ದಂಡ.)

ಅಂಕಿಗಳಲ್ಲೂ ಇಂಥದೇ ಗುಂಡಿ ಇದೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ 198 ವಾರ್ಡುಗಳಿದ್ದ ಕಾಲದ ಪಟ್ಟಿಯನ್ನು ಪಠ್ಯವೆಂದು ಭಾವಿಸಿ ಜೋಡಿಸಿದರೆ ವಾರ್ಡ್ 1, ವಾರ್ಡ್ 10, ವಾರ್ಡ್ 100, ವಾರ್ಡ್ 101 ಎಂದು ಸಾಗುತ್ತದೆ. ಎರಡನೇ ವಾರ್ಡಿನವರು ತಮ್ಮ ವಾರ್ಡನ್ನು ಕಾಣಲು 111ನೇ ಸಾಲಿನವರೆಗೆ ಇಳಿಯಬೇಕು.

ಹಾಗಾದರೆ ತಮಗೆ ಬೇಕಾದ ಕ್ರಮವನ್ನು ಕೋಡಿನಲ್ಲಿ ಹೇಳುವುದು ಹೇಗೆ? ಶಾಲೆಯ ಮೈದಾನದಲ್ಲಿ ಮಕ್ಕಳನ್ನು ಸಾಲು ನಿಲ್ಲಿಸುವ ಡ್ರಿಲ್ ಮೇಷ್ಟರ ಕೆಲಸವೇ ಅದು. ಅವರು ಐವತ್ತು ಮಕ್ಕಳನ್ನು ಒಟ್ಟಿಗೆ ಅಳೆಯುವುದಿಲ್ಲ. ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ ಯಾರು ಮುಂದೆ ಎಂದು ನೋಡುತ್ತಾರೆ, ಮತ್ತೆ ಇನ್ನಿಬ್ಬರು. ಕಂಪ್ಯೂಟರೂ ಪಟ್ಟಿಯಿಂದ ಎರಡೆರಡು ಹೆಸರು ಹಿಡಿದು ತಂದು 'ಇವರಲ್ಲಿ ಯಾರು ಮೊದಲು?' ಎಂದು ಕೇಳುತ್ತದೆ. ಪ್ರೋಗ್ರಾಮರ್ ಬರೆಯಬೇಕಾದದ್ದು ಆ ಒಂದು ಪ್ರಶ್ನೆಗೆ ಉತ್ತರ ಮಾತ್ರ. ಹುದ್ದೆಯ ಕ್ರಮಸಂಖ್ಯೆ ನೋಡು; ಅದು ಸಮವಾದರೆ ಜೋಡಣೆಯ ಹೆಸರನ್ನು ಕನ್ನಡದ ನಿಯಮದಂತೆ ಹೋಲಿಸು; ಅದೂ ಸಮವಾದರೆ ಸೇರಿದ ದಿನಾಂಕ ನೋಡು. ಹತ್ತು ಸಾಲಿನ ಕೆಲಸ. ಸಾಲುಗಳನ್ನು ಅದಲು ಬದಲು ಮಾಡುವ ದೊಡ್ಡ ಕೆಲಸವನ್ನು ಯಂತ್ರವೇ ಮಾಡಿಕೊಳ್ಳುತ್ತದೆ.

'ಅದೂ ಸಮವಾದರೆ' ಎಂಬ ಮೂರನೇ ಮಾತನ್ನು ಬಹಳ ಮಂದಿ ಬರೆಯುವುದಿಲ್ಲ. ಬರೆಯದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಕ್ರೋಮ್ ಬ್ರೌಸರ್ ಒಳ್ಳೆಯ ಸಾಕ್ಷಿ. 2018ರವರೆಗೆ ಅದರಲ್ಲಿ ಹತ್ತು ಹೆಸರುಗಳವರೆಗಿನ ಪಟ್ಟಿಗೆ ಒಂದು ವಿಧಾನ, ಅದಕ್ಕಿಂತ ದೊಡ್ಡದಕ್ಕೆ ಇನ್ನೊಂದು ವಿಧಾನ ಇತ್ತು. ಎರಡನೆಯದು ಸಮಾನರ ನಡುವಿನ ಹಿಂದಿನ ಕ್ರಮವನ್ನು ಕಾಪಾಡುತ್ತಿರಲಿಲ್ಲ. ಹತ್ತು ಸದಸ್ಯರಿದ್ದಾಗ ನೆಟ್ಟಗಿದ್ದ ಪಟ್ಟಿ ಹನ್ನೊಂದನೆಯವರು ಸೇರಿದೊಡನೆ ಚೆಲ್ಲಾಪಿಲ್ಲಿಯಾಗಬಹುದಿತ್ತು. 2019ರ ಜಾವಾಸ್ಕ್ರಿಪ್ಟ್ ಮಾನಕ ಸಮಾನರ ಹಿಂದಿನ ಕ್ರಮವನ್ನು ಕೆಡಿಸಕೂಡದು ಎಂದು ಕಡ್ಡಾಯ ಮಾಡಿತು.

ಸಮವಾದಾಗ ಏನು ಎಂಬುದು ಬರೀ ಪ್ರೋಗ್ರಾಮರುಗಳ ತಲೆನೋವೂ ಅಲ್ಲ. ವೈದ್ಯಕೀಯ ಪ್ರವೇಶಕ್ಕೆ ನಡೆದ 2020ರ ನೀಟ್ ಪರೀಕ್ಷೆಯಲ್ಲಿ ಒಡಿಶಾದ ಒಬ್ಬ ವಿದ್ಯಾರ್ಥಿ, ದೆಹಲಿಯ ಒಬ್ಬ ವಿದ್ಯಾರ್ಥಿನಿ ಇಬ್ಬರೂ 720ಕ್ಕೆ 720 ತೆಗೆದರು. ಅಂಕ ಸಮ. ನಿಯಮದ ಕೊನೆಯ ಸಾಲಿನಲ್ಲಿ ವಯಸ್ಸಿನಲ್ಲಿ ಹಿರಿಯರಿಗೆ ಆದ್ಯತೆ ಎಂದಿತ್ತು. ಆತ ಮೊದಲ ರ‍್ಯಾಂಕ್, ಆಕೆ ಎರಡನೇ ರ‍್ಯಾಂಕ್. ನಿಯಮ ಸರಿಯೋ ತಪ್ಪೋ ಎಂದು ವಾದಿಸಬಹುದು, ಹಲವರು ವಾದಿಸಿದರು ಕೂಡ. ಆದರೆ ನಿಯಮ ಪರೀಕ್ಷೆಗೆ ಮೊದಲೇ ಬರೆದಿತ್ತು, ಎಲ್ಲರಿಗೂ ಓದಲು ಸಿಗುತ್ತಿತ್ತು. ವಾದ ಸಾಧ್ಯವಾದದ್ದೇ ಅದರಿಂದ.

ನಿಯಮ ಬರೆಯುವ ವಿಷಯದಲ್ಲಿ ಈ ದೇಶದ ಅತ್ಯುತ್ತಮ ಮಾದರಿ ಸಿಗುವುದು ಸಾಫ್ಟ್‌ವೇರ್ ಕಂಪನಿಗಳಲ್ಲಲ್ಲ, ಚುನಾವಣಾ ಕಾನೂನಿನಲ್ಲಿ. ಮತಯಂತ್ರದ ಮೇಲಿನ ಹೆಸರುಗಳ ಸಾಲನ್ನು ಗಮನಿಸಿದವರು ಕಡಿಮೆ. ಪ್ರಜಾಪ್ರತಿನಿಧಿ ಕಾಯ್ದೆಯ 38ನೇ ಕಲಮು ಅಭ್ಯರ್ಥಿಗಳನ್ನು ಮೂರು ಗುಂಪು ಮಾಡುತ್ತದೆ: ಮೊದಲು ಮಾನ್ಯತೆ ಪಡೆದ ಪಕ್ಷಗಳವರು, ನಂತರ ನೋಂದಣಿಯಷ್ಟೇ ಆದ ಪಕ್ಷಗಳವರು, ಕೊನೆಗೆ ಪಕ್ಷೇತರರು. ಪ್ರತಿ ಗುಂಪಿನ ಒಳಗೆ ಅಕ್ಷರಾನುಕ್ರಮ. ಪಟ್ಟಿ ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿದ್ದರೆ ಯಾವ ಭಾಷೆಯ ಅಕ್ಷರಾನುಕ್ರಮ ಎಂಬುದನ್ನು ಚುನಾವಣಾ ಆಯೋಗವೇ ಹೇಳುತ್ತದೆ. ಹೆಸರಿನ ಮುಂದಿನ ಇನಿಷಿಯಲ್ಲುಗಳನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಚುನಾವಣಾಧಿಕಾರಿಗಳಿಗೆ ಸೂಚನೆ ಇದೆ. ಇಬ್ಬರ ಹೆಸರೂ ಒಂದೇ ಆದಾಗ ಮಾತ್ರ ಇನಿಷಿಯಲ್ ನೋಡಬೇಕು. ಸುಪ್ರೀಂ ಕೋರ್ಟಿನ 2013ರ ತೀರ್ಪಿನ ನಂತರ ಸೇರಿದ 'ನೋಟಾ' (ಮೇಲಿನ ಯಾರೂ ಅಲ್ಲ) ಎಲ್ಲರಿಗಿಂತ ಕೆಳಗೆ. ಒಬ್ಬ ಪ್ರೋಗ್ರಾಮರ್ ಇದನ್ನು ಓದಿ ನೇರವಾಗಿ ಕೋಡಿಗೆ ಇಳಿಸಬಹುದು: ಗುಂಪು, ಹೆಸರು, ಇನಿಷಿಯಲ್, ಕೊನೆಗೊಂದು ಕಾಯಂ ಸಾಲು. ಅನಂತಮೂರ್ತಿಯವರನ್ನು ಏಳನೆಯ ಸ್ಥಾನಕ್ಕೆ ತಳ್ಳಿದ ಸಮಸ್ಯೆಯನ್ನು ಕಾನೂನು ಪಂಡಿತರು ಎಂದೋ ಬಗೆಹರಿಸಿದ್ದಾರೆ. ಅದೇ ಆಯೋಗದ ಮತದಾರರ ಪಟ್ಟಿ ಮಾತ್ರ ಅಕಾರಾದಿಯಲ್ಲಿಲ್ಲ, ಮನೆ ಸಂಖ್ಯೆಯ ಕ್ರಮದಲ್ಲಿದೆ. ಬೂತ್ ಮಟ್ಟದ ಅಧಿಕಾರಿ ಬೀದಿಯಲ್ಲಿ ನಡೆಯುತ್ತ ಪರಿಶೀಲಿಸಬೇಕಲ್ಲ. ಒಂದು ಮನೆಯವರು ಒಂದೆಡೆ ಇದ್ದರೆ ಅನುಕೂಲ. ಕೆಲಸ ಬೇರೆ, ಕ್ರಮವೂ ಬೇರೆ.

ಇಷ್ಟಕ್ಕೂ ಹೆಸರು ಮೇಲಿದ್ದರೇನು ಕೆಳಗಿದ್ದರೇನು ಎನ್ನುವವರಿದ್ದಾರೆ. ವ್ಯತ್ಯಾಸ ಇದೆ. ಅರ್ಥಶಾಸ್ತ್ರದ ಸಂಶೋಧನಾ ಪ್ರಬಂಧಗಳಲ್ಲಿ ಲೇಖಕರ ಹೆಸರುಗಳನ್ನು ಅಕ್ಷರಾನುಕ್ರಮದಲ್ಲಿ ಹಾಕುವುದು ರೂಢಿ. ಅರ್ಥಶಾಸ್ತ್ರಜ್ಞರಾದ ಲಿರಾನ್ ಐನಾವ್ ಮತ್ತು ಲೀಟ್ ಯಾರಿವ್ 2006ರಲ್ಲಿ ಅಮೆರಿಕದ ಉನ್ನತ ಅರ್ಥಶಾಸ್ತ್ರ ವಿಭಾಗಗಳನ್ನು ಪರಿಶೀಲಿಸಿದಾಗ, ಅಡ್ಡಹೆಸರು ವರ್ಣಮಾಲೆಯ ಆರಂಭದಲ್ಲಿರುವವರಿಗೆ ಕಾಯಂ ಹುದ್ದೆ ಸಿಗುವ ಸಾಧ್ಯತೆ ಹೆಚ್ಚೆಂದು ಕಂಡಿತು. ಅಕ್ಷರಾನುಕ್ರಮದ ರೂಢಿ ಇಲ್ಲದ ಮನಶ್ಶಾಸ್ತ್ರದಲ್ಲಿ ಆ ಪರಿಣಾಮ ಕಾಣಲಿಲ್ಲ. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1975ರಲ್ಲೇ ಮತಪತ್ರದಲ್ಲಿ ಹಾಲಿ ಸದಸ್ಯರನ್ನು ಮೊದಲು ಹಾಕುವ ಪದ್ಧತಿಯನ್ನು ತಳ್ಳಿಹಾಕಿತು, ಅಕ್ಷರಾನುಕ್ರಮವನ್ನೂ ಒಪ್ಪಲಿಲ್ಲ. ಅಲ್ಲಿ ಈಗ ಪ್ರತಿ ಚುನಾವಣೆಗೆ ಮುನ್ನ ಇಂಗ್ಲಿಷ್ ಅಕ್ಷರಗಳನ್ನೇ ಚೀಟಿ ಎತ್ತಿ, ಆ ಬಾರಿಯ ವರ್ಣಮಾಲೆ ಯಾವುದೆಂದು ಗೊತ್ತುಮಾಡುತ್ತಾರೆ.

'ಹುಡುಕುವ ಬಾಕ್ಸ್ ಇದೆಯಲ್ಲ, ಹೆಸರು ಟೈಪಿಸಿದರೆ ಆಯಿತು' ಎಂಬುದು ತಾಣ ಕಟ್ಟುವವರ ಸಾಮಾನ್ಯ ವಾದ. ಗಿರೀಶ ಎಂದು ಟೈಪಿಸಿದರೆ ಗಿರೀಶ್ ಸಿಕ್ಕರೂ ಗಿರೀಶ್ ಎಂದು ಟೈಪಿಸಿದರೆ ಗಿರೀಶ ಸಿಗದ ತಾಣಗಳು ಬೇಕಾದಷ್ಟಿವೆ. ಹುಡುಕಲು ಹೆಸರು ಗೊತ್ತಿರಬೇಕು; ಪಟ್ಟಿ ಇರುವುದು ಗೊತ್ತಿಲ್ಲದವರಿಗೆ. ತಾಲ್ಲೂಕು ಆಸ್ಪತ್ರೆಗೆ ಹೋಗುವ ಮುನ್ನ ಅಲ್ಲಿ ಯಾವ್ಯಾವ ವೈದ್ಯರಿದ್ದಾರೆ ಎಂದು ನೋಡುವವರು ಫೋನಿನ ಪರದೆಯಲ್ಲಿ ಕಾಣುವ ಮೊದಲ ಐದಾರು ಹೆಸರುಗಳಲ್ಲೇ ಒಂದನ್ನು ಆರಿಸಿಕೊಳ್ಳುತ್ತಾರೆ.

ಇನ್ನೊಂದು ಅಪಾಯವನ್ನೂ ಹೇಳಬೇಕು. ಬೇಕಾದ ಕ್ರಮ ಕೊಡಬಹುದು ಎಂದು ಗೊತ್ತಾದೊಡನೆ ಬೇಕಾದವರನ್ನು ಮೇಲೆ ಕೂರಿಸುವ ಆಸೆಯೂ ಹುಟ್ಟುತ್ತದೆ. ಆಹ್ವಾನ ಪತ್ರಿಕೆಯಲ್ಲಿ ಗಣ್ಯರ ಸಾಲು ಬೆಳೆಸುವ ಕಲೆಯಲ್ಲಿ ನಮ್ಮವರಿಗೆ ಪಾಠ ಬೇಕಿಲ್ಲ. ಹಣ ಕೊಟ್ಟವರನ್ನು ಮೊದಲು ತೋರಿಸುವ ವ್ಯಾಪಾರಿ ತಾಣಗಳು ಅದನ್ನು 'ಜಾಹೀರಾತು' ಎಂದು ಬರೆದು ತೋರಿಸಬೇಕು. ಸಾರ್ವಜನಿಕ ಪಟ್ಟಿಗಳಿಗಂತೂ ಅಂಥ ಕ್ರಮ ಸಲ್ಲದು. ಪಟ್ಟಿಯ ತಲೆಯಲ್ಲೇ 'ಈ ಹೆಸರುಗಳು ಸೇವಾ ಹಿರಿತನದ ಕ್ರಮದಲ್ಲಿವೆ' ಎಂದೋ 'ಅಕಾರಾದಿಯಾಗಿ, ಇನಿಷಿಯಲ್ ಬಿಟ್ಟು' ಎಂದೋ ಒಂದು ಸಾಲು ಇದ್ದರೆ ಅರ್ಧ ಅನುಮಾನ ಅಲ್ಲೇ ತೀರುತ್ತದೆ.

ರಾಜ್ಯದ 31 ಜಿಲ್ಲೆಗಳ ಪಟ್ಟಿ ಇದಕ್ಕೆಲ್ಲ ದಿನನಿತ್ಯದ ಪರೀಕ್ಷೆ. ಅರ್ಜಿ ತುಂಬುವಾಗ ಕನ್ನಡದಲ್ಲಿ ತೆರೆದುಕೊಳ್ಳುವ ಪಟ್ಟಿಯಲ್ಲಿ ಬಾಗಲಕೋಟೆ ಮೊದಲಿದ್ದರೆ, ಒಳಗೆ ಇಂಗ್ಲಿಷ್ ಕ್ರಮ ಕೂತಿದೆ ಎಂದೇ ಅರ್ಥ. ಕನ್ನಡದ ಕ್ರಮದಲ್ಲಿ ಮೊದಲ ಜಿಲ್ಲೆ ಉಡುಪಿ, ಎರಡನೆಯದು ಉತ್ತರ ಕನ್ನಡ. ಇಂಗ್ಲಿಷ್ ಕ್ರಮದಲ್ಲಿ ಇವೆರಡೂ ಹೆಚ್ಚುಕಡಿಮೆ ತಳದಲ್ಲಿ. 2014ರಲ್ಲಿ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ತಿದ್ದಿದಾಗ ಗುಲ್ಬರ್ಗಾ ಕಲಬುರಗಿಯಾಗಿ 'ಜಿ'ಯಿಂದ 'ಕೆ'ಗೂ, ಬಿಜಾಪುರ ವಿಜಯಪುರವಾಗಿ 'ಬಿ'ಯಿಂದ 'ವಿ'ಗೂ ಜಿಗಿದವು. 2025ರಲ್ಲಿ ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣವಾದಾಗಲೂ ಹೀಗೇ ಜಾಗ ಬದಲಾಯಿತು. ಕ್ರಮವನ್ನು ಕೈಯಿಂದ ಬರೆದಿಟ್ಟ ತಾಣಗಳಲ್ಲಿ ಹೊಸ ಹೆಸರು ಹಳೆಯ ಜಾಗದಲ್ಲೇ ಉಳಿಯುತ್ತದೆ. ನಿಯಮ ಬರೆದಿಟ್ಟ ತಾಣಗಳಲ್ಲಿ ಪಟ್ಟಿ ತಾನೇ ಸರಿಹೋಗುತ್ತದೆ.

ಸರ್ಕಾರಿ ಇಲಾಖೆಗಳು, ವಿಶ್ವವಿದ್ಯಾಲಯಗಳು, ಸಂಘ ಸಂಸ್ಥೆಗಳು ಜಾಲತಾಣಕ್ಕೆ ಟೆಂಡರ್ ಕರೆಯುವಾಗ ಬಣ್ಣ, ಲೋಗೋ, ಗಣ್ಯರ ಫೋಟೋದ ಅಳತೆ ಎಲ್ಲವನ್ನೂ ಬರೆಯುತ್ತವೆ. ಅದರ ಜೊತೆಗೆ ಮೂರು ಸಾಲು ಸೇರಿಸಲಿ: ಕನ್ನಡದ ಪಟ್ಟಿಗಳು ಕನ್ನಡದ ಅಕಾರಾದಿಯಲ್ಲಿ ಇರಬೇಕು, ಜೋಡಿಸುವ ಹೆಸರಿಗೆ ಪ್ರತ್ಯೇಕ ಅಂಕಣ ಇರಬೇಕು, ಯಾವ ಕ್ರಮ ಎಂಬುದನ್ನು ಪಟ್ಟಿಯ ಮೇಲೆ ನಮೂದಿಸಬೇಕು. ಇದಕ್ಕೆ ಹೊಸ ತಂತ್ರಾಂಶ ಕೊಳ್ಳಬೇಕಿಲ್ಲ, ಹೆಚ್ಚಿನ ಹಣವೂ ಬೇಡ. ಬ್ರೌಸರಿಗೆ ಕನ್ನಡದ ಕ್ರಮ ಬೇಕೆಂದು ತಿಳಿಸಲು ಪ್ರೋಗ್ರಾಮರ್ ಬರೆಯಬೇಕಾದದ್ದು ಭಾಷೆಯ ಎರಡಕ್ಷರದ ಸಂಕೇತ, 'ಕೆ' ಮತ್ತು 'ಎನ್'.